ಗಾಳಿ ಗೊತ್ತಿದ್ದರೆ ಬಣ್ಣ ಕೂರುತ್ತದೆ

ಮೇ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ ಸಿಲ್ವರ್ ಕಾರೊಂದರ ಬಾನೆಟ್‌ಗೆ ಸ್ಪ್ರೇ ಗನ್ನಿನಿಂದ ಬಣ್ಣ ಹೊಡೆದೆ. ಬಳ್ಳಾರಿಯಲ್ಲಿ ಸ್ವಂತ ಶೆಡ್ ಹಾಕಿದ ಮೊದಲ ಬೇಸಿಗೆ ಅದು. ಗಾಡಿಯವರಿಗೆ ಸಂಜೆಯೇ ಸಂಡೂರಿಗೆ ಹೊರಡಬೇಕಿತ್ತು, ಅವಸರ ಮಾಡಿದರು, ನಾನೂ ಹ್ಞೂಂ ಅಂದುಬಿಟ್ಟೆ. ಟ್ಯೂಬ್‌ಲೈಟಿನ ಕೆಳಗೆ ಕೆಲಸ ಚೆನ್ನಾಗಿಯೇ ಕಂಡಿತು. ಮರುದಿನ ಬೆಳಿಗ್ಗೆ ಅವರು ಗಾಡಿ ವಾಪಸ್ ತಂದು ಬಿಸಿಲಿಗೆ ನಿಲ್ಲಿಸಿದರು. ಬಾನೆಟ್ ತುಂಬ ಮೋಡ ಕಟ್ಟಿದ ಹಾಗೆ ಮಚ್ಚೆ. ಒಂದು ಕಡೆ ಬೆಳ್ಳಗೆ, ಪಕ್ಕದಲ್ಲೇ ಕಪ್ಪಗೆ. ಎಲ್ಲ ಉಜ್ಜಿ ತೆಗೆದು ನನ್ನ ಖರ್ಚಿನಲ್ಲೇ ಮತ್ತೆ ಹೊಡೆದುಕೊಟ್ಟೆ.

ಕೌಲ್ ಬಜಾರಿನಲ್ಲಿ ನನಗೆ ಕೆಲಸ ಕಲಿಸಿದ ಉಸ್ತಾದರಿಗೆ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು: "ಗನ್ ಹಿಡಿಯೋಕೆ ಮುಂಚೆ ತಗಡಿನ ಮೇಲೆ ಕೈ ಇಟ್ಟು ನೋಡಿದ್ಯೇನಪ್ಪಾ?"

ಇಟ್ಟಿರಲಿಲ್ಲ. ಸಿಲ್ವರ್ ಬಣ್ಣದೊಳಗೆ ಅಲ್ಯೂಮಿನಿಯಂನ ಸಣ್ಣ ಸಣ್ಣ ಚಕ್ಕೆಗಳಿರುತ್ತವೆ. ಅವು ಹಸಿ ಬಣ್ಣದಲ್ಲಿ ಹೇಗೆ ಮಲಗುತ್ತವೆ ಎಂಬುದರ ಮೇಲೆ ಶೇಡ್ ನಿಲ್ಲುತ್ತದೆ. ಹೊರಗೆ 40 ಡಿಗ್ರಿ ದಾಟಿದ ಹೊತ್ತಲ್ಲಿ ಬಣ್ಣ ತೆಳುಮಾಡಲು ಬೆರೆಸುವ ಥಿನ್ನರ್, ಗನ್ನಿನಿಂದ ಹೊರಟು ತಗಡು ಮುಟ್ಟುವ ಮೊದಲೇ ಅರ್ಧ ಹಾರಿಹೋಗಿರುತ್ತದೆ. ಒಣಗಿ ಬಿದ್ದ ಜಾಗ ಬೆಳ್ಳಗೆ ಕಾಣುತ್ತದೆ. ಅದನ್ನು ಮುಚ್ಚಲು ಹತ್ತಿರ ಹೋಗಿ ದಪ್ಪಗೆ ಹೊಡೆದರೆ ಆ ಜಾಗ ಕಪ್ಪಗಾಗುತ್ತದೆ. ನಾನು ಮಾಡಿದ್ದು ಎರಡನ್ನೂ, ಒಂದೇ ಬಾನೆಟ್ಟಿನ ಮೇಲೆ.

ಆಮೇಲಿನಿಂದ ಮಾರ್ಚ್‌ನಿಂದ ಜೂನ್ ಮೊದಲ ವಾರದವರೆಗೆ ಇಂಥ ಚಕ್ಕೆಯಿರುವ ಮೆಟಾಲಿಕ್ ಬಣ್ಣದ ಕೆಲಸವೇನಿದ್ದರೂ ಬೆಳಗಿನ ಜಾವ ಐದರಿಂದ ಎಂಟರೊಳಗೆ. ಗಾಡಿ ಹಿಂದಿನ ರಾತ್ರಿಯೇ ಶೆಡ್ಡಿನೊಳಗಿರಬೇಕು. ಬಿಸಿಲಲ್ಲಿ ನಿಂತು ಬಂದ ತಗಡು ಒಳಗೆ ಬಂದ ಕೂಡಲೇ ತಣ್ಣಗಾಗುವುದಿಲ್ಲ. ಅಂಗೈ ಹಿಂಭಾಗ ಇಟ್ಟಾಗ ಬೆಚ್ಚಗನಿಸಿದರೆ ಗನ್ ಮುಟ್ಟುವುದಿಲ್ಲ. ಥಿನ್ನರ್‌ನಲ್ಲೂ ಬೇಸಿಗೆಗೆ ನಿಧಾನ ಆರುವುದು, ಚಳಿಗೆ ಬೇಗ ಆರುವುದು ಎಂದು ಬೇರೆ ಬೇರೆ ಸಿಗುತ್ತದೆ. ವರ್ಷವಿಡೀ ಒಂದೇ ಡಬ್ಬ ಸುರಿಯುವ ಶೆಡ್‌ಗಳನ್ನು ನಾನು ನೋಡಿದ್ದೇನೆ, ಆ ಗಾಡಿಗಳ ಹೊಳಪನ್ನೂ ನೋಡಿದ್ದೇನೆ.

ಗನ್ ವಿಷಯ ಬೇಗ ಹೇಳಿಬಿಡುತ್ತೇನೆ. ಬಣ್ಣದ ಪದರವಾದ ಬೇಸ್ ಕೋಟ್, ಅದರ ಮೇಲಿನ ಬಣ್ಣವಿಲ್ಲದ ಹೊಳಪಿನ ಪದರವಾದ ಕ್ಲಿಯರ್ ಕೋಟ್‌ಗೆ 1.3 ಮಿ.ಮೀ. ನಾಜಲ್ (ಬಣ್ಣ ಹೊರಬರುವ ತೂತು), ಬಣ್ಣಕ್ಕೆ ಮುಂಚೆ ಹೊಡೆಯುವ ಪ್ರೈಮರ್‌ಗೆ 1.7. ಗಾಳಿಯ ಒತ್ತಡ 2 ಬಾರ್ ಸುಮಾರು. ಟ್ರಿಗರ್ ಒತ್ತಿ ಹಿಡಿದು, ಗನ್ನಿನ ಬುಡದಲ್ಲಿರುವ ಗೇಜಿನಲ್ಲಿ ನೋಡಬೇಕು. ಕಂಪ್ರೆಸರ್ ಮೇಲಿನ ಗೇಜನ್ನು ನಂಬಿದರೆ ಉದ್ದನೆಯ ಪೈಪಿನಲ್ಲಿ ಇಳಿದುಹೋಗುವ ಒತ್ತಡ ಲೆಕ್ಕಕ್ಕೇ ಸಿಗುವುದಿಲ್ಲ. ಗನ್‌ಗೂ ತಗಡಿಗೂ ನಡುವೆ ಒಂದು ಗೇಣಿಗಿಂತ ಸ್ವಲ್ಪ ಕಡಿಮೆ, 15ರಿಂದ 20 ಸೆಂ.ಮೀ. ಒಂದು ಸಾಲಿನ ಅರ್ಧದ ಮೇಲೆ ಮುಂದಿನ ಸಾಲು ಬರಬೇಕು. ಮಣಿಕಟ್ಟು ತಿರುಗಿಸಬಾರದು, ಮೈ ಪೂರ್ತಿ ಗಾಡಿಯ ಜೊತೆ ನಡೆಯಬೇಕು. ಒಂದು ಕೋಟ್ ಆದ ಮೇಲೆ ಹಸಿ ಹೊಳಪು ಹೋಗಿ ಮಂಕಾಗುವವರೆಗೆ ಕಾಯಬೇಕು. ಕಾಯದೆ ಕ್ಲಿಯರ್ ಹೊಡೆದರೆ ಒಳಗೆ ಸಿಕ್ಕಿಕೊಂಡ ಥಿನ್ನರ್ ಆಮೇಲೆ ಸೂಜಿಮೊನೆಯಷ್ಟು ಗುಳ್ಳೆಯಾಗಿ ಮೇಲೇಳುತ್ತದೆ.

ಕೈ ಕೂರಲು ಒಂದು ವರ್ಷ ಸಾಕು. ನನ್ನನ್ನು ಹೆಚ್ಚು ಕಾಡಿದ್ದು ನಮ್ಮೂರಿನ ಧೂಳು.

ತೋರಣಗಲ್ಲು, ಸಂಡೂರು ಕಡೆ ಓಡಾಡುವ ಗಾಡಿಯ ವೈಪರ್ ಕೆಳಗೆ, ಬಾಗಿಲಿನ ರಬ್ಬರ್ ಸಂದಿಯಲ್ಲಿ, ಚಕ್ರದ ಮೇಲಿನ ಕಮಾನಿನೊಳಗೆ ಅದಿರಿನ ಕೆಂಪು ಪುಡಿ ಗಟ್ಟಿಯಾಗಿ ಕೂತಿರುತ್ತದೆ. ಮೇಲೆ ಒರೆಸಿದರೆ ಗಾಡಿ ಚೊಕ್ಕಟವಾಗಿ ಕಾಣುತ್ತದೆ. ಗನ್ನಿನ ಗಾಳಿ ತಾಗಿದ ಕೂಡಲೇ ಆ ಪುಡಿ ಸಂದಿಯಿಂದೆದ್ದು ಹಸಿ ಕ್ಲಿಯರ್ ಮೇಲೆ ಕೂರುತ್ತದೆ. ಬಿಳಿ ಗಾಡಿಯಾದರೆ ಒಂದೊಂದು ಚುಕ್ಕಿಯೂ ಎಣಿಸಲು ಸಿಗುತ್ತದೆ. ಅದಕ್ಕೆ ನಾನು ಎರಡು ಸಲ ತೊಳೆಸುತ್ತೇನೆ, ಸಂದಿಗಳಿಗೆಲ್ಲ ಗಾಳಿ ಊದಿಸುತ್ತೇನೆ, ಆಮೇಲೇ ಶೆಡ್ಡಿನೊಳಗೆ. ಹಳೆ ಪೇಂಟ್ ಮೇಲೆ ಅಂಗೈ ಆಡಿಸಿದರೆ ಕೆಲವು ಗಾಡಿಗಳಲ್ಲಿ ಬೆಕ್ಕಿನ ನಾಲಿಗೆಯ ಹಾಗೆ ತರಿತರಿ ಹತ್ತುತ್ತದೆ. ಅವು ಪೇಂಟಿಗೆ ಕಚ್ಚಿಕೊಂಡ ಕಬ್ಬಿಣದ ಕಣಗಳು. ಅವನ್ನು ಕ್ಲೇ ಬಾರ್ ಎಂಬ ಜೇಡಿಯಂಥ ಮೆತ್ತನೆ ಮುದ್ದೆಯಿಂದ ಎತ್ತಿ ತೆಗೆಯದೆ ಮೇಲೆ ಬಣ್ಣ ಹೊಡೆಯುವುದು ತುಕ್ಕಿನ ಬೀಜ ಬಿತ್ತಿದ ಹಾಗೆ. ಕೊನೆಗೆ ನೆಲಕ್ಕೆ ನೀರು ಚಿಮುಕಿಸಿ, ಅಂಟುಬಟ್ಟೆಯಿಂದ ಹಗುರಾಗಿ ಒರೆಸಿ ಶುರು ಮಾಡುತ್ತೇನೆ.

ಇನ್ನೊಂದು ಧೂಳು ಕಣ್ಣಿಗೆ ಕಾಣುವುದೇ ಇಲ್ಲ. ಡ್ಯಾಶ್‌ಬೋರ್ಡ್, ಟೈರ್ ಪಾಲಿಶ್‌ಗಳಲ್ಲಿ ಸಿಲಿಕೋನ್ ಇರುತ್ತದೆ. ಪಕ್ಕದಲ್ಲಿ ಯಾರೋ ಅದನ್ನು ಊದಿದರೂ ಸಾಕು, ಹಸಿ ಬಣ್ಣ ಅಲ್ಲಲ್ಲಿ ಸರಿದು ಮೀನಿನ ಕಣ್ಣಿನಂಥ ಗುಂಡಿ ಬೀಳುತ್ತದೆ. ನನ್ನ ಶೆಡ್ಡಿನೊಳಗೆ ಆ ಪಾಲಿಶ್ ತರಲು ಯಾರಿಗೂ ಬಿಡುವುದಿಲ್ಲ. ಕಂಪ್ರೆಸರ್ ಟ್ಯಾಂಕಿನಲ್ಲಿ ಕೂಡುವ ನೀರು ಗಾಳಿಯ ಜೊತೆ ಬಣ್ಣಕ್ಕೆ ಸೇರದ ಹಾಗೆ ಅದನ್ನೂ ದಿನಾ ಬೆಳಿಗ್ಗೆ ಹೊರಗೆ ಬಿಡಬೇಕು. ಮಳೆಗಾಲದಲ್ಲಿ ಎರಡು ಹೊತ್ತು.

ತಗಡಿನ ತಗ್ಗು ತುಂಬುವ ಪುಟ್ಟಿಯಲ್ಲಿ ಹುಡುಗರು ಮಾಡುವ ತಪ್ಪು, ಅದನ್ನು ಗಟ್ಟಿ ಮಾಡುವ ಹಾರ್ಡ್‌ನರ್ ಜಾಸ್ತಿ ಹಾಕುವುದು. ನೂರು ಗ್ರಾಂ ಪುಟ್ಟಿಗೆ ಎರಡು ಗ್ರಾಂ ಸುಮಾರು ಸಾಕು. ಬೇಗ ಗಟ್ಟಿಯಾಗಲಿ ಎಂದು ಹೆಚ್ಚು ಹಿಂಡಿದರೆ ಅದು ಬಣ್ಣದ ಒಳಗಿಂದ ಕಲೆಯಾಗಿ ಮೇಲೆ ಇಣುಕುತ್ತದೆ.

ಈಗ ಉಸಿರಿನ ಮಾತು. ಇದನ್ನು ಮೊದಲೇ ಬರೆಯಬೇಕಿತ್ತು. ನಾವು ಕಲಿಯುವಾಗ ಮೂಗಿಗೆ ಕರವಸ್ತ್ರ ಕಟ್ಟಿಕೊಂಡರೆ ಅದೇ ದೊಡ್ಡದು. ಪಿಯು (ಪಾಲಿಯುರೆಥೇನ್) ಪೇಂಟ್, ಟು-ಕೆ (ಎರಡು ಭಾಗ ಬೆರೆಸಿ ಹೊಡೆಯುವ) ಕ್ಲಿಯರ್‌ಗಳ ಹಾರ್ಡ್‌ನರ್‌ನಲ್ಲಿ ಐಸೋಸಯನೇಟ್ ಎಂಬ ರಾಸಾಯನಿಕ ಇರುತ್ತದೆ. ಥಿನ್ನರ್ ಹಾಗೆ ಮೂಗಿಗೆ ಬಡಿದು ಎಚ್ಚರಿಸುವುದಿಲ್ಲ ಅದು. ನನ್ನ ಜೊತೆ ಕಲಿತ ಗೆಳೆಯನಿಗೆ ರಾತ್ರಿ ಕೆಮ್ಮು ಶುರುವಾಯಿತು, ಆಮೇಲೆ ಎದೆ ಬಿಗಿತ. ಡಾಕ್ಟರು ಆಸ್ತಮಾ ಎಂದರು. ಐಸೋಸಯನೇಟ್ ಒಮ್ಮೆ ಮೈಗೆ ಒಗ್ಗದೆ ಹೋದ ಮೇಲೆ ಅದರ ತುಸು ಮಂಜು ಸೋಕಿದರೂ ಉಸಿರು ಕಟ್ಟುತ್ತದೆ. ಅವನು ಗನ್ ಬಿಟ್ಟು ಈಗ ಬಿಡಿಭಾಗಗಳ ಅಂಗಡಿ ನಡೆಸುತ್ತಿದ್ದಾನೆ. ಬಣ್ಣ ಹೊಡೆಯುವುದರಲ್ಲಿ ನನಗಿಂತ ಅವನ ಕೈ ಚೆನ್ನಾಗಿತ್ತು.

ಎರಡನೇ ಗನ್‌ಗೆ ಕೂಡಿಟ್ಟ ದುಡ್ಡಿನಲ್ಲಿ ನಾನು ಹೊರಗಿನ ಶುದ್ಧ ಗಾಳಿ ಪೈಪಿನಲ್ಲಿ ಬರುವ ಮಾಸ್ಕ್ ಕೊಂಡೆ. ಅದರ ಗಾಳಿಗೆ ಬೇರೆ ಫಿಲ್ಟರ್ ಇದೆ, ಗಾಳಿ ಎಳೆಯುವ ಬಾಯಿ ಶೆಡ್ಡಿನ ಹೊರಗೆ, ಗಾಡಿಗಳ ಹೊಗೆ ಬಾರದ ಕಡೆ ಇದೆ. ಅರ್ಧ ಮುಖದ ಮಾಸ್ಕ್ ಹಾಕುವವರು ಗಡ್ಡ ಬಿಡಬೇಡಿ, ಕೂದಲ ಸಂದಿಯಲ್ಲಿ ಗಾಳಿ ನುಸುಳುತ್ತದೆ. ಗನ್ ಕೆಳಗಿಟ್ಟ ಕೂಡಲೇ ಮಾಸ್ಕ್ ತೆಗೆಯಬೇಡಿ, ಮಂಜು ಇನ್ನೂ ಗಾಳಿಯಲ್ಲೇ ಇರುತ್ತದೆ.

ಗೋಡೆಗೆ ತೂಗುಹಾಕಿದ ನನ್ನ ಕಾರ್ಡುಗಳ ಗೊಂಚಲನ್ನು ಗಿರಾಕಿಗಳು ವಿಚಿತ್ರವಾಗಿ ನೋಡುತ್ತಾರೆ. ಕಂಪನಿ ಕೊಟ್ಟ ಬಣ್ಣದ ಕೋಡ್ ಒಂದೇ ಇದ್ದರೂ, ಬಳ್ಳಾರಿ ಬಿಸಿಲಲ್ಲಿ ಐದು ವರ್ಷ ನಿಂತ ಗಾಡಿಯ ಬಣ್ಣ ಡಬ್ಬದ ಬಣ್ಣಕ್ಕೆ ಸೇರುವುದಿಲ್ಲ. ಅದಕ್ಕೆ ಪ್ರತಿ ಕೆಲಸಕ್ಕೂ ಮೊದಲು ಒಂದು ಕಾರ್ಡಿಗೆ ಹೊಡೆದು, ಕ್ಲಿಯರ್ ಹಾಕಿ, ಒಣಗಿಸುತ್ತೇನೆ. ಹಿಂದೆ ಕೋಡು, ಥಿನ್ನರ್, ಒತ್ತಡ, ಹೊಡೆದ ಹೊತ್ತು ಬರೆಯುತ್ತೇನೆ. ಆಮೇಲೆ ಅದನ್ನು ಹಿಡಿದು ಅಂಗಳಕ್ಕೆ ಹೋಗಿ, ಗಾಡಿಯ ಬಾಗಿಲಿಗೆ ಒತ್ತಿ, ಮೊದಲು ಎದುರಿಗೆ ನಿಂತು, ಆಮೇಲೆ ಪಕ್ಕಕ್ಕೆ ಸರಿದು ನೋಡುತ್ತೇನೆ. ಎರಡು ಕಡೆಯಿಂದಲೂ ಕಾರ್ಡಿನ ಅಂಚು ಕಣ್ಣಿಗೆ ಮಾಯವಾದರೆ ಗನ್‌ಗೆ ಬಣ್ಣ ತುಂಬುತ್ತೇನೆ.