ಕುಣಿಯೋಕೆ ಒಂದು ನೆಲ: ನಮ್ಮ ಡ್ಯಾನ್ಸ್ ಗುಂಪು ಬೆಳೆದ ಬಗೆ

ಕಾಂಟೆಂಪರರಿ ಡ್ಯಾನ್ಸ್ ಗುಂಪು ಕಟ್ಟಬೇಕು ಅಂತ ಹೊರಟವರು ನನ್ನ ಹತ್ತಿರ ಕೇಳುವುದು ಎರಡೇ. ಷೋ ಹೇಗೆ ಸಿಗುತ್ತೆ? ದುಡ್ಡು ಯಾರು ಕೊಡ್ತಾರೆ? ಪ್ರಾಕ್ಟೀಸ್ ಮಾಡೋಕೆ ನೆಲ ಎಲ್ಲಿದೆ ಅಂತ ಯಾರೂ ಕೇಳುವುದಿಲ್ಲ. ನಮ್ಮ ಗುಂಪು ನಾಲ್ಕೈದು ಗೆಳೆಯರಿಂದ ಶುರುವಾಗಿ ಈಗ ವಾರವಿಡೀ ಕ್ಲಾಸ್ ನಡೆಸುವ ಮಟ್ಟಕ್ಕೆ ಬಂದಿದ್ದರೆ ಅದಕ್ಕೆ ಯಾವ ಷೋ ಕೂಡ ಕಾರಣ ಅಲ್ಲ. ಒಂದಷ್ಟು ಪ್ಲೈವುಡ್ ಕಾರಣ. ತಮಾಷೆಗೆ ಹೇಳುತ್ತಿಲ್ಲ.

ನಾನು ಬಂದದ್ದು ಭರತನಾಟ್ಯದಿಂದ. ಬೆಂಗಳೂರಿನಲ್ಲಿ ಈ ಹೊಸ ಡ್ಯಾನ್ಸ್‌ಗೆ ದಾರಿ ಮಾಡಿದವರು ನಮಗಿಂತ ಎಷ್ಟೋ ಮುಂಚೆ ಇದ್ದರು. ಕಥಕ್ ಗುರು ಮಾಯಾ ರಾವ್ ಅವರು 1987ರಲ್ಲಿ ದೆಹಲಿಯಿಂದ ತಮ್ಮ ನಾಟ್ಯ ಇನ್‌ಸ್ಟಿಟ್ಯೂಟನ್ನು ಇಲ್ಲಿಗೆ ತಂದರು. 1992ರಲ್ಲಿ ಅಟ್ಟಕ್ಕಳರಿ, 1995ರಲ್ಲಿ ಮಧು ನಟರಾಜ್ ಅವರ ಸ್ಟೆಮ್, 2000ದಲ್ಲಿ ನೃತರುತ್ಯ, ಹೀಗೆ ಡ್ಯಾನ್ಸ್ ಕಂಪನಿಗಳು ಹುಟ್ಟಿಕೊಂಡವು. ಹಾಗಾಗಿ ನಾವು ಶುರು ಮಾಡುವ ಹೊತ್ತಿಗೆ ಊರಲ್ಲಿ ಕಲಿಸುವವರೂ ಇದ್ದರು, ನೋಡುವವರೂ ಇದ್ದರು. ಇಲ್ಲದಿದ್ದದ್ದು ಒಂದೇ. ತರಬೇತಿ ಮುಗಿಸಿ, ಯಾವ ಕಂಪನಿಗೂ ಸೇರದೆ, ಹಗಲು ಆಫೀಸಿಗೋ ಟ್ಯೂಷನ್ನಿಗೋ ಹೋಗುವ ನನ್ನಂಥವರು ದಿನಾ ಮೈ ಬಗ್ಗಿಸೋಕೆ ಒಂದು ಜಾಗ.

ಮೊದಲು ಬನಶಂಕರಿಯ ಗೆಳತಿಯ ಮನೆ ಟೆರೇಸ್. ಬೆಳಗ್ಗೆ ಒಂಬತ್ತು ದಾಟಿದರೆ ಕಾಲಿಡೋಕೆ ಆಗುತ್ತಿರಲಿಲ್ಲ, ಜೂನ್ ಬಂದರೆ ಪಾಚಿ. ಆಮೇಲೆ ಒಂದು ಶಾಲೆಯ ಪ್ರಾರ್ಥನೆ ಹಾಲ್, ಅದೂ ಭಾನುವಾರ ಮಾತ್ರ. ನಂತರ ಸಿಕ್ಕಿದ್ದು ಕಲ್ಯಾಣ ಮಂಟಪದ ಊಟದ ಹಾಲ್. ಮುಹೂರ್ತ ಇಲ್ಲದ ದಿನ ಅದು ಸುಮ್ನೆ ಖಾಲಿ ಬಿದ್ದಿರುತ್ತೆ, ಮ್ಯಾನೇಜರ್ ಅಷ್ಟೋ ಇಷ್ಟೋ ತೆಗೆದುಕೊಂಡು ಕೊಡುತ್ತಿದ್ದರು. ಊರೆಲ್ಲ ಆಷಾಢ ಅಂತ ಶುಭ ಕಾರ್ಯ ಮುಂದೂಡಿದರೆ ನಮಗೆ ಆಷಾಢವೇ ಹಬ್ಬ. ಧನುರ್ಮಾಸವೂ ಅಷ್ಟೇ. ಆದರೆ ಗ್ರಾನೈಟ್ ನೆಲ, ಎಷ್ಟು ತೊಳೆದರೂ ಎಣ್ಣೆ ಜಿಡ್ಡು. ಒಂದು ಕಡೆ ಜಾರುತ್ತೆ, ಪಕ್ಕದಲ್ಲೇ ಅಂಟುತ್ತೆ.

ಇದು ಬರೀ ಅನುಕೂಲದ ಮಾತಲ್ಲ. ಭರತನಾಟ್ಯದಲ್ಲಿ ಮೊಣಕಾಲು ಬಗ್ಗಿಸಿ ಅರೆಮಂಡಿ ಕೂತು, ಪಾದ ತಟ್ಟುವ ತಟ್ಟಡವು ಹೊಡೆಯುವಾಗ ಕಲ್ಲು ನೆಲ ಮೊಣಕಾಲಿಗೆ ಏನು ಮಾಡುತ್ತೆ ಅಂತ ಕಲಿತವರಿಗೆಲ್ಲ ಗೊತ್ತು. ನಮ್ಮ ಕೆಲಸದಲ್ಲಿ ಪಾದ ಮಾತ್ರ ಅಲ್ಲ, ಇಡೀ ಮೈಯೇ ನೆಲಕ್ಕೆ ಬರುತ್ತೆ. ಬೀಳುತ್ತೇವೆ, ಉರುಳುತ್ತೇವೆ, ಭುಜದ ಮೇಲೆ ಹೊರಳುತ್ತೇವೆ, ಹಾರಿ ಇಳಿಯುತ್ತೇವೆ. 1972ರಲ್ಲಿ ಅಮೆರಿಕದಲ್ಲಿ ಸ್ಟೀವ್ ಪ್ಯಾಕ್ಸ್‌ಟನ್ ಶುರು ಮಾಡಿದ ಕಾಂಟ್ಯಾಕ್ಟ್ ಇಂಪ್ರೊವೈಸೇಷನ್ ಇದೆಯಲ್ಲ, ಒಬ್ಬರ ಭಾರ ಇನ್ನೊಬ್ಬರು ಹೊತ್ತು ಇಬ್ಬರೂ ಸೇರಿ ಬೀಳುವುದು, ಅದನ್ನು ಕಾಂಕ್ರೀಟ್ ಮೇಲೆ ಕಲಿಸೋಕೆ ನನಗಂತೂ ಧೈರ್ಯ ಇಲ್ಲ. ಹಾರಿ ಇಳಿದಾಗ ಕಾಂಕ್ರೀಟ್ ಒಂದಿಷ್ಟೂ ಬಗ್ಗುವುದಿಲ್ಲ, ಪೆಟ್ಟೆಲ್ಲ ಮೊಣಕಾಲಿಗೆ, ಮುಂಗಾಲಿನ ಮೂಳೆಗೆ. ಕೇರಳದ ಸಮರಕಲೆ ಕಳರಿಪಯಟ್ಟನ್ನು ಕಲಿಸುವ ಹಳೆ ಕಳರಿಗಳನ್ನು ನೋಡಿ. 42 ಅಡಿ ಉದ್ದ 21 ಅಡಿ ಅಗಲ ಗುಂಡಿ ತೋಡಿ ಮಣ್ಣಿನ ನೆಲ ಮಾಡುತ್ತಿದ್ದರು. ನಾವು ಕಳರಿಪಯಟ್ಟಿನ ವರಸೆಗಳನ್ನು ಮಾತ್ರ ತಂದು ವಿಟ್ರಿಫೈಡ್ ಟೈಲ್ಸ್ ಮೇಲೆ ಹಾರುತ್ತಿದ್ದೆವು.

ಇದರ ಪರಿಣಾಮ ಗುಂಪಿನ ಮೇಲೇ ಆಗುತ್ತಿತ್ತು. ಹೊಸಬರು ಬರುತ್ತಿದ್ದರು, ಒಂದೆರಡು ತಿಂಗಳು ಖುಷಿಯಾಗಿ ಇರುತ್ತಿದ್ದರು, ಆಮೇಲೆ ಕಾಣುತ್ತಿರಲಿಲ್ಲ. ಕೇಳಿದರೆ ಕೆಲಸ ಜಾಸ್ತಿ, ಟ್ರಾಫಿಕ್ಕು ಅಂತ ಹೇಳುತ್ತಿದ್ದರು. ಮೊಣಕಾಲು ನೋವು ಅಂತ ಬಾಯಿ ಬಿಟ್ಟು ಹೇಳುವವರು ಕಡಿಮೆ.

ಪದ್ಮನಾಭನಗರದಲ್ಲಿ ಒಂದು ಮನೆಯ ನೆಲಮಹಡಿ ಬಾಡಿಗೆಗೆ ಸಿಕ್ಕಿತು. ಗೋಡೌನ್ ಆಗಿದ್ದ ಜಾಗ. ಹತ್ತು ತಿಂಗಳ ಅಡ್ವಾನ್ಸ್ ಕೇಳಿದರು, ಇದು ನಮ್ಮೂರಿನ ಹಳೆ ರೋಗ ಅಲ್ವಾ. ಮಾತಾಡಿ ಆರಕ್ಕೆ ಇಳಿಸಿದೆವು. ಆಗಷ್ಟೇ ಒಂದು ಕಾರ್ಪೊರೇಟ್ ಕಾರ್ಯಕ್ರಮಕ್ಕೆ ಕುಣಿದ ದುಡ್ಡು ಕೈಯಲ್ಲಿತ್ತು. ಕಾಸ್ಟ್ಯೂಮು, ಲೈಟು, ಒಂದು ಒಳ್ಳೆ ವಿಡಿಯೋ ಅಂತ ಪಟ್ಟಿ ಹಾಕಿದವರೂ ಇದ್ದರು. ನಾನು ನೆಲ ಅಂತ ಹಟ ಹಿಡಿದೆ.

ಮಾಡಿದ್ದು ಹೀಗೆ. ಕುಣಿಯುವ ಜಾಗ 24 ಅಡಿಗೆ 20 ಅಡಿ. ಪ್ಲೈವುಡ್ ಹಾಳೆ 8 ಅಡಿಗೆ 4 ಅಡಿ ಬರುತ್ತೆ, ಅಂದರೆ ಒಂದು ಪದರಕ್ಕೆ 15 ಹಾಳೆ. ಕೆಳಗೆ ಮೊದಲು ದಪ್ಪ ಪ್ಲಾಸ್ಟಿಕ್ ಶೀಟ್ ಹಾಸಿದೆವು, ನೆಲಮಹಡಿಯ ತೇವ ಮೇಲೆ ಬರಬಾರದು ಅಂತ. ಅದರ ಮೇಲೆ ಸುಮಾರು ಅಡಿಗೊಂದರಂತೆ ಗಟ್ಟಿ ಫೋಮ್ ತುಂಡುಗಳು, ಹಾರಿ ಇಳಿದಾಗ ನೆಲ ಒಂದಿಷ್ಟು ಬಗ್ಗಲಿ ಅಂತ. ಆಮೇಲೆ 12 ಮಿಲಿಮೀಟರ್ ಪ್ಲೈವುಡ್ ಎರಡು ಪದರ, ಒಂದು ಉದ್ದಕ್ಕೆ, ಇನ್ನೊಂದು ಅಡ್ಡಕ್ಕೆ. ಕೆಳಗಿನ ಜಾಯಿಂಟ್ ಮೇಲೆ ಮೇಲಿನ ಜಾಯಿಂಟ್ ಬರಲೇಬಾರದು, ಬಂದರೆ ಅಲ್ಲೇ ಕುಸಿಯುತ್ತೆ. ಗೋಡೆ ಪಕ್ಕ ಅರ್ಧ ಇಂಚು ಖಾಲಿ ಬಿಟ್ಟೆವು, ಮಳೆಗಾಲದಲ್ಲಿ ಮರ ಉಬ್ಬುತ್ತೆ. ಪ್ಲೈವುಡ್ಡು ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಕಡೆಯಿಂದ, ಸ್ಕ್ರೂ ಎಸ್‌.ಜೆ.ಪಿ. ರಸ್ತೆಯಿಂದ. ಬಡಗಿಗಳಿಗೆ ಇದು ಮಂಚವೋ ಸ್ಟೇಜೋ ಅಂತ ಕೊನೆವರೆಗೂ ಅರ್ಥವಾಗಲಿಲ್ಲ, ಕೆಲಸ ಮಾತ್ರ ಚೊಕ್ಕವಾಗಿ ಮಾಡಿದರು. ಡ್ಯಾನ್ಸಿನ ವಿನೈಲ್ ಹಾಸು ತಕ್ಷಣ ಕೊಳ್ಳೋಕೆ ಆಗಲಿಲ್ಲ, ಆಮೇಲೆ ಬಂತು. ಅದನ್ನು ಮಡಚಬಾರದು, ಕೊಳವೆಗೆ ಸುತ್ತಿಯೇ ಇಡಬೇಕು. ಫಿನಾಯಿಲ್ ಹಾಕಿ ಒರೆಸಲೂಬಾರದು.

ಮನೆ ಮಾಲೀಕರ ಹೆಂಡತಿ ಮೊದಲ ವಾರ ಬಾಗಿಲಲ್ಲಿ ನಿಂತು ನೋಡಿದರು. "ಏನಮ್ಮಾ, ಡ್ಯಾನ್ಸ್ ಕ್ಲಾಸ್ ಅಂದ್ರಿ, ಎಲ್ಲಾ ಬಿದ್ಕೊಂಡೇ ಇದೀರಲ್ಲ?" ಅಂದರು. "ಏಳೋದನ್ನೇ ಕಲೀತಿರೋದು ಆಂಟಿ" ಅಂದೆ. ಅವರಿಗೆ ಒಪ್ಪಿಗೆಯಾಗಲಿಲ್ಲ, ಆದರೆ ಪ್ಲೈವುಡ್ ಬಂದ ಮೇಲೆ ನಮ್ಮ ಸದ್ದು ಅವರ ಮನೆಗೆ ಕಡಿಮೆ ಕೇಳುತ್ತಿತ್ತು, ಅಷ್ಟು ಸಾಕಾಯಿತು.

ನೆಲ ಆದ ಮೇಲೆ ಜನ ನಿಂತರು. ನಿಂತ ಮೇಲೆ ಬೇರೆ ಬೇರೆ ಥರದವರು ಬಂದರು. ಕ್ಲಾಸ್ ಕನ್ನಡದಲ್ಲೇ ನಡೆಯುತ್ತೆ ಅಂತ ಕೇಳಿ ಚಾಮರಾಜನಗರ ಕಡೆಯ ಒಬ್ಬ ಹುಡುಗ ಬಂದ, ಬೀಸು ಕಂಸಾಳೆ ಆಡುತ್ತಿದ್ದವನು. ಕಂಸಾಳೆಯವರು ಕೈಯಲ್ಲಿ ತಾಳ ತಪ್ಪದ ಹಾಗೆ ಕೂರುತ್ತಾರೆ, ಮಲಗುತ್ತಾರೆ, ತಿರುಗುತ್ತಾರೆ, ಒಬ್ಬರ ಮೇಲೊಬ್ಬರು ಹತ್ತುತ್ತಾರೆ. ಡಿಪ್ಲೊಮಾ ಮಾಡಿದ ನಮಗೆ ಸದ್ದಿಲ್ಲದೆ ನೆಲಕ್ಕಿಳಿಯುವುದನ್ನು ತಿದ್ದಿ ಹೇಳಿಕೊಟ್ಟವನು ಅವನು. ನಮ್ಮ ಮೊದಲ ದೊಡ್ಡ ಪ್ರಯೋಗ ಹುಟ್ಟಿದ್ದೂ ಆ ಕ್ಲಾಸುಗಳಿಂದಲೇ, ಆದರೆ ಅದಕ್ಕೆ ಕಂಸಾಳೆ ಅಂತ ಹೆಸರು ಹಚ್ಚಲಿಲ್ಲ. ಅದು ಮಾದೇಶ್ವರನ ಗುಡ್ಡರ, ಅಂದರೆ ಅವನ ಭಕ್ತರ, ಹರಕೆಯ ಕುಣಿತ. ಅದನ್ನು ಫ್ಯೂಷನ್ ಅಂತ ಪೋಸ್ಟರ್ ಮೇಲೆ ಮಾರುವುದು ನನಗೆ ಇವತ್ತಿಗೂ ಇಷ್ಟ ಇಲ್ಲ.

ರೂಲ್ಸ್ ಕಡಿಮೆ ಇಟ್ಟೆವು. ನಾಟಕ ನಡೆಯುವ ರಂಗಶಂಕರದಲ್ಲಿ ಏಳೂವರೆಗೆ ಬಾಗಿಲು ಹಾಕಿದರೆ ಹಾಕಿದ್ದೇ, ಆ ಪದ್ಧತಿಯನ್ನು ಕದ್ದು ತಂದೆವು. ವಾರ್ಮಪ್ ತಪ್ಪಿಸಿಕೊಂಡು ಬಂದವರೇ ಉಳುಕಿಸಿಕೊಳ್ಳುವುದು, ಅದಕ್ಕೆ. ಕ್ಲಾಸಿಗೆ 200 ರೂಪಾಯಿ, ಆಗದವರು ಆದಷ್ಟು. ದುಡ್ಡು ಕೊಡದವರು ನೆಲ ಒರೆಸಲಿ ಅಂತ ಒಬ್ಬರು ಸಲಹೆ ಕೊಟ್ಟರು. ಬೇಡ ಅಂದೆ. ಒರೆಸುವುದು ಎಲ್ಲರ ಸರದಿ, ಪೂರ್ತಿ ಫೀಸ್ ಕೊಟ್ಟವರದ್ದೂ, ಕಲಿಸುವವರದ್ದೂ. ತಿಂಗಳ ಬಾಡಿಗೆ, ಕರೆಂಟು, ಬಂದ ಫೀಸು, ಇಷ್ಟನ್ನೂ ಬರೆದು ಬಾಗಿಲ ಹಿಂದೆ ಅಂಟಿಸುತ್ತೇವೆ. ಆಮೇಲಾಮೇಲೆ ಅದನ್ನು ನೋಡಿಯೇ ಜಾಸ್ತಿ ಕೊಡುವವರು ಸಿಕ್ಕರು.

ರಿಜಿಸ್ಟರ್ ಮಾಡಿಸುವುದನ್ನು ತುಂಬ ದಿನ ಮುಂದೆ ಹಾಕಿದೆವು. ಗುಂಪಿನ ಹೆಸರಲ್ಲಿ ಬ್ಯಾಂಕ್ ಖಾತೆ ಇಲ್ಲದೆ ಯಾರೂ ಚೆಕ್ ಕೊಡುವುದಿಲ್ಲ, ಹಾಗಾಗಿ ಮಾಡಿದೆವು. ಕರ್ನಾಟಕದ 1960ರ ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ ಕನಿಷ್ಠ 7 ಜನ ಬೇಕು, ವರ್ಷ ವರ್ಷ ಲೆಕ್ಕಪತ್ರ ಒಪ್ಪಿಸಬೇಕು. ಗ್ರ್ಯಾಂಟ್ ಬಗ್ಗೆ ಒಂದು ಮಾತು. ಇಂಗ್ಲಿಷ್ ಬರವಣಿಗೆ ಕಷ್ಟ ಅಂತ ಎಷ್ಟೋ ಜನ ಅರ್ಜಿಯನ್ನೇ ಹಾಕುವುದಿಲ್ಲ. ನಮ್ಮೂರಲ್ಲೇ ಇರುವ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್‌ಗೆ ಕನ್ನಡದಲ್ಲೇ ಬರೆಯಬಹುದು. ಬರೆಯಿರಿ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಯಿತು. ಕೆಲವು ತಿಂಗಳು ಬಾಡಿಗೆ ಕಟ್ಟಿ ಕೊನೆಗೆ ಜಾಗ ಬಿಟ್ಟೆವು. ಗುಂಪು ಅಲ್ಲೇ ಚದುರಬೇಕಿತ್ತು. ಆದರೆ ನೆಲವನ್ನು ಅಂಟು ಹಾಕದೆ ಸ್ಕ್ರೂ ಮಾತ್ರ ಹಾಕಿ ಮಾಡಿಸಿದ್ದೆವಲ್ಲ, ಪ್ರತಿ ಹಾಳೆಗೂ ನಂಬರ್ ಬರೆದು, ಬಿಚ್ಚಿ, ಒಬ್ಬರ ಮನೆ ಕಾರ್ ಶೆಡ್‌ನಲ್ಲಿ ಪೇರಿಸಿದೆವು. ಇಷ್ಟು ದೊಡ್ಡ ಆಸ್ತಿ ಶೆಡ್‌ನಲ್ಲಿ ಕೂತಿರುವಾಗ ಗುಂಪು ಮುಚ್ಚೋಣ ಅಂತ ಹೇಳೋಕೆ ಯಾರಿಗೂ ಬಾಯಿ ಬರಲಿಲ್ಲ. ಈಗಿನ ಜಾಗದಲ್ಲಿ ಅದೇ ಹಾಳೆಗಳು ಇವೆ, ಮೂಲೆಯ ಕೆಲವು ಮಾತ್ರ ಹೊಸವು. 11 ತಿಂಗಳ ಅಗ್ರಿಮೆಂಟ್ ಬರೆಸುವಾಗ, ನೆಲದ ಹಾಸು ಬಾಡಿಗೆದಾರರದ್ದು, ಬಿಡುವಾಗ ಬಿಚ್ಚಿಕೊಂಡು ಹೋಗಬಹುದು ಅಂತ ಒಂದು ಸಾಲು ಸೇರಿಸುತ್ತೇವೆ. ನೀವೂ ಸೇರಿಸಿ.

ಈಗಿನ ಹಾಲ್‌ನ ಸೂರು ತಗ್ಗು, ಒಬ್ಬರನ್ನು ಎತ್ತಿದರೆ ಫ್ಯಾನ್ ತಗುಲುತ್ತೆ. ಹಾಗಾಗಿ ಮತ್ತೆ ಹುಡುಕುತ್ತಿದ್ದೇವೆ. ಹನ್ನೆರಡು ಅಡಿ ಎತ್ತರ, ಮಧ್ಯೆ ಕಂಬ ಇರಬಾರದು, ಹಸಿರು ಮೆಟ್ರೋ ಲೈನಿಗೆ ನಡೆಯುವಷ್ಟು ಹತ್ತಿರ. ನೆಲ ಹೇಗಿದ್ದರೂ ನಡೆಯುತ್ತೆ.