ಚಿತೆಗೆ ಕಡಿದ ಮಾವಿನಿಂದ ಕಸಿ: ನನ್ನ ಅನುಭವ

ಚಿತೆಗೆಂದು ಕಡಿದ ಅಪ್ಪೆಮರದ, ಅಂದರೆ ಉಪ್ಪಿನಕಾಯಿಗೆ ಮಿಡಿ ಕೊಡುವ ಮಾವಿನ, ಕಡ್ಡಿ ಕಸಿಗೆ ಹಿಡಿಯುವುದಿಲ್ಲ ಎಂದು ನನಗೆ ಹೇಳಿದವರಲ್ಲಿ 30 ವರ್ಷ ನರ್ಸರಿ ನಡೆಸಿದವರೂ ಇದ್ದರು. ಹತ್ತು ದಿನ ಮೊದಲೇ ಮರದಲ್ಲಿರುವಾಗಲೇ ಕಡ್ಡಿಯ ಎಲೆ ಸವರಿ (ಕತ್ತರಿಸಿ ತೆಗೆದು), ಚಿಗುರಿನ ಕಣ್ಣು ಉಬ್ಬಿದ ಮೇಲೆ ಕಡ್ಡಿ ಕೊಯ್ಯಬೇಕು. ಸಾವು ಹತ್ತು ದಿನ ಮೊದಲು ಹೇಳಿ ಬರುತ್ತದೆಯೇ ಎಂಬುದು ಅವರ ವಾದವಾಗಿತ್ತು. 2024ರ ಮಳೆಗಾಲದಲ್ಲಿ ನಾನು ಕಟ್ಟಿದ ಸುಮಾರು 140 ಕಸಿಗಳಲ್ಲಿ 80ಕ್ಕೂ ಹೆಚ್ಚು ಬದುಕಿ ಉಳಿದಿರುವುದರಿಂದ ಈಗ ಬರೆಯುವ ಧೈರ್ಯ ಮಾಡಿದ್ದೇನೆ.

ನಾನು ಈ ಕೆಲಸಕ್ಕೆ ಬಂದದ್ದು ಕೃಷಿಯ ಆಸಕ್ತಿಯಿಂದಲ್ಲ, ಸಾವಿನ ಹುಚ್ಚಿನಿಂದ. 2021ರ ಬೇಸಿಗೆಯಲ್ಲಿ ಬೆಂಗಳೂರಿನ ಕೆಲಸವನ್ನು ಮನೆಯಿಂದಲೇ ಮಾಡಬೇಕಾಗಿ ಬಂದು, ಶಿರಸಿ ಕಡೆಯ ದೇವಿಮನೆ ಘಟ್ಟದ ಮೇಲಿನ ನಮ್ಮ ಊರಿಗೆ ಮರಳಿದಾಗ ಪತ್ರಿಕೆಗಳಲ್ಲಿ ನಿಧನ ವಾರ್ತೆಗಳು ಪುಟ ತುಂಬುತ್ತಿದ್ದವು. ಅವನ್ನು ಕತ್ತರಿಸಿ 200 ಪುಟದ ನೋಟ್‌ಬುಕ್ಕಿಗೆ ಅಂಟಿಸಿ, ಪ್ರತಿಯೊಂದರ ಕೆಳಗೆ ಸತ್ತವರ ವಯಸ್ಸಿನಿಂದ ನನ್ನ ವಯಸ್ಸಾದ 24ನ್ನು ಕಳೆದು ಬರೆಯುತ್ತಿದ್ದೆ. ಕೋವಿಡ್ ನಿರ್ಬಂಧ ಸಡಿಲವಾದ ಮೇಲೆ ಗುರುತೇ ಇಲ್ಲದವರ ಅಂತ್ಯಕ್ರಿಯೆಗೂ ಬೈಕು ಹತ್ತಿ ಹೋಗತೊಡಗಿದೆ. ನನ್ನದೇ ನಿಧನ ವಾರ್ತೆಯನ್ನು ಬರೆದು ದಿನಾಂಕದ ಜಾಗವನ್ನು ಖಾಲಿ ಬಿಟ್ಟಿದ್ದ ಹಾಳೆ ಆಯಿಯ ಕೈಗೆ ಸಿಕ್ಕಿದ ಮರುವಾರವೇ ನನ್ನನ್ನು ಹುಬ್ಬಳ್ಳಿಯ ವೈದ್ಯರಲ್ಲಿಗೆ ಕರೆದೊಯ್ದರು. ಮಾತ್ರೆಯಿಂದ ನಿದ್ದೆ ಬಂತು, ಅದನ್ನು ಅಲ್ಲಗಳೆಯುವುದಿಲ್ಲ. ಎಚ್ಚರವಿದ್ದ ಹೊತ್ತಿನಲ್ಲಿ ಏನು ಮಾಡುವುದೆಂಬ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿತ್ತು.

ನಮ್ಮ ಕಡೆಯ ಹಳ್ಳಿಗಳಲ್ಲಿ ಹೆಣ ಸುಡಲು ಮಾವಿನ ಮರ ಕಡಿಯುವ ರೂಢಿಯಿದೆ. ಅಂಥ ಒಂದು ಕಡೆ, ಗಂಡಸರೆಲ್ಲ ಸೌದೆ ಒಟ್ಟುತ್ತಿದ್ದಾಗ, ಉರುಳಿಸಿದ ಮರದ ತಲೆಯ ಬಳಿ 76ರ ಹೆಂಗಸೊಬ್ಬರು ಕುಳಿತು ಸಣ್ಣ ಕೊಂಬೆಗಳನ್ನು ಕೊಯ್ದು ಚೀಲಕ್ಕೆ ತುಂಬುತ್ತಿದ್ದರು. ಹೆಂಗಸರು ಬರಬಾರದ ಜಾಗವೆಂದು ಯಾರೋ ಗದರಿದಾಗ ಅವರು, "ನಂಗೆ ಹೆಣದ ಹತ್ರ ಎಂತ ಕೆಲಸ? ನಾ ಮರ ನೋಡೂಕೆ ಬಂದದ್ದು" ಎಂದರು. ಬಳಿಕ ನನ್ನ ಕಡೆ ತಿರುಗಿ, "ಹೋದವ್ರ ಮುಖ ಎಷ್ಟು ನೋಡ್ತೀಯೋ ತಮಾ? ಈ ಎಲೆ ತಿಕ್ಕಿ ಮೂಸು" ಎಂದು ಒಂದೆಲೆ ಕೊಟ್ಟರು. ಜೀರಿಗೆಯ ವಾಸನೆ ಬಂತು. ಅಂದು ರಾತ್ರಿ ನೋಟ್‌ಬುಕ್ಕಿನಲ್ಲಿ ಸತ್ತವರ ವಯಸ್ಸು 81 ಎಂದು ಬರೆದು, ಕಳೆಯುವ ಲೆಕ್ಕ ಬಿಟ್ಟು, ಕೆಳಗೆ "ಮರ: ಜೀರಿಗೆ ಅಪ್ಪೆ" ಎಂದು ಸೇರಿಸಿದೆ.

ಎಲೆ ಕೊಟ್ಟ ಆ ಅಜ್ಜಿ ಘಟ್ಟದ ಕೆಳಗಿನವರು, ನಮ್ಮ ಪಕ್ಕದೂರಿನಲ್ಲಿ ಮಗಳ ಮನೆಯಲ್ಲಿದ್ದಾರೆ. ಗೊರಟಿನಿಂದ ಎದ್ದ ಗಿಡ ತಾಯಿಮರದ ಮಿಡಿಯನ್ನೇ ಕೊಡುವುದಿಲ್ಲವಾದ್ದರಿಂದ, ಒಂದು ಮರ ಉರಿದರೆ ಒಂದು ರುಚಿಯೇ ಹೋಯಿತು ಎಂಬುದು ಅವರ ಸಂಕಟ. ಅವರ ಕೈ ನಡುಗುತ್ತಿತ್ತು, ನನಗೆ ಕೆಲಸ ಗೊತ್ತಿರಲಿಲ್ಲ; ಸಾವಿನ ಸುದ್ದಿ ಮಾತ್ರ ಎಲ್ಲರಿಗಿಂತ ಮೊದಲು ನನಗೇ ತಲುಪುತ್ತಿತ್ತು.

2022ರಲ್ಲಿ ಕಟ್ಟಿದ್ದು 60, ಚಿಗುರಿದ್ದು 4, ಕೊನೆಗೆ ಉಳಿದದ್ದು 2. ತಪ್ಪು ನನ್ನದೇ. ಕ್ರಿಯೆ ಮುಗಿಯುವವರೆಗೂ ನಿಂತು ನೋಡುವ ಚಟ ಬಿಟ್ಟಿರದ ಕಾರಣ ಕಡ್ಡಿಗಳು ನಾಲ್ಕೈದು ತಾಸು ಬಿಸಿಲಿನಲ್ಲಿ ಬಾಡುತ್ತಿದ್ದವು. ಕೊಂಡ ಸಸಿ, ಕಸಿ ಚಾಕು, ನೆರಳು ಬಲೆ ಎಂದು ಹದಿನಾಲ್ಕು ಸಾವಿರ ರೂಪಾಯಿಯಷ್ಟು ಮಣ್ಣುಪಾಲಾಯಿತು. ಮಸಣದ ಕಡ್ಡಿಯನ್ನು ಅಂಗಳಕ್ಕೆ ತರಬೇಡ ಎಂದು ಅಪ್ಪಯ್ಯ ಹೇಳಿದ್ದರಿಂದ ನೆರಳು ಬಲೆಯನ್ನು ಕೊಟ್ಟಿಗೆಯ ಹಿಂದೆ ಕಟ್ಟಬೇಕಾಯಿತು, ಅಲ್ಲಿ ದನ ನುಗ್ಗಿ ಹತ್ತೆಂಟು ಗಿಡ ತಿಂದದ್ದು ಬೇರೆ.

ಮರುವರ್ಷ ಮೂರು ಬದಲಾವಣೆ ಮಾಡಿಕೊಂಡೆ. ಮರ ಉರುಳಿದ ಅರ್ಧ ಗಂಟೆಯೊಳಗೆ, ಬಿಸಿಲಿಗೆ ಮುಖ ಮಾಡಿದ ತುದಿಕೊಂಬೆಗಳನ್ನಷ್ಟೇ ಕೊಯ್ದು, ತೊಟ್ಟು ಉಳಿಸಿ ಎಲೆ ಸವರಿ, ಸೀಳಿದ ಬಾಳೆದಿಂಡಿನೊಳಗಿಟ್ಟು ಕಟ್ಟಿ ಅಲ್ಲಿಂದ ಹೊರಟುಬಿಡುತ್ತಿದ್ದೆ. ಚಿತೆಗೆ ಬೆಂಕಿ ತಾಗುವುದನ್ನು ನೋಡದೆ ಮರಳಿದ್ದು ಆಗಲೇ ಮೊದಲು. ದಿಂಡಿನಲ್ಲಿ ನಾಲ್ಕು ದಿನವಿದ್ದ ಕಡ್ಡಿಯ ತೊಟ್ಟು ಮುಟ್ಟಿದರೆ ಉದುರಬೇಕು, ಉದುರದಿದ್ದರೆ ನಾನು ಕಟ್ಟುವುದಿಲ್ಲ. ದಿಂಡಿನೊಳಗೆ ಅಜ್ಜಿ ಇನ್ನೊಂದು ವಸ್ತುವನ್ನೂ ಸೇರಿಸುತ್ತಾರೆ, ಅದನ್ನು ಅವರ ಅಪ್ಪಣೆಯಿಲ್ಲದೆ ಬರೆಯಲಾರೆ. ಎರಡನೆಯದಾಗಿ, ಸಸಿ ಕೊಳ್ಳುವುದನ್ನು ನಿಲ್ಲಿಸಿ ಕಾಟುಮಾವಿನ (ಕಾಡುಮಾವಿನ) ಗೊರಟು ಆರಿಸಿ ತಂದು, ತಾಮ್ರಬಣ್ಣದ ಎಲೆ ಬಂದ ಎಳೆಯ ಮೊಳಕೆಗೇ ಕಸಿ ಕಟ್ಟಿದೆ. ಮೂರನೆಯದಾಗಿ, ಐಸ್‌ಕ್ಯಾಂಡಿ ಕವರಿನಿಂದ ಕಸಿಗೆ ಹೊದಿಸಿದ ಟೊಪ್ಪಿಯನ್ನು ಚಿಗುರು ಕಂಡ ಎರಡೇ ದಿನದಲ್ಲಿ ಸಂಜೆಯ ಹೊತ್ತು ತೆಗೆದೆ. 110ರಲ್ಲಿ 19 ಉಳಿದವು. ಮಿಕ್ಕವನ್ನು ಕೊಳೆ ತಿಂದಿತು. ಅಡಿಕೆಗೆ ಕೊಳೆ ತಡೆಯುವ ಬೋರ್ಡೋ ದ್ರಾವಣ ಹೊಡೆಯುವ ಮನೆಯವನಾಗಿಯೂ ಕಸಿಗೆ ಹೊಡೆಯಲು ನನಗೆ ಹೊಳೆಯಲಿಲ್ಲ. ಮೂರನೆಯ ವರ್ಷ ತೆಳುವಾಗಿ ಹೊಡೆದೆ, ಆಗ ಬಂದದ್ದು ಮೊದಲು ಹೇಳಿದ ಲೆಕ್ಕ.

ಆ ಮಳೆಗಾಲದಲ್ಲಿ ನಡೆದ ಇನ್ನೊಂದು ಸಂಗತಿಯಿದೆ. ನಮ್ಮೂರಿಗೆ ಪತ್ರಿಕೆ ಬರುವುದು ಹತ್ತು ಗಂಟೆಯ ಬಸ್ಸಿನಲ್ಲಿ, ನಾನು ಒಂಬತ್ತೂವರೆಗೇ ಹೋಗಿ ಕಾಯುತ್ತಿದ್ದವನು. ಜುಲೈ ಕೊನೆಯಲ್ಲಿ ಅಂಗಡಿಯವರು 16 ದಿನದ ಪತ್ರಿಕೆಗಳ ಕಟ್ಟನ್ನು ತೋರಿಸಿ, ಇನ್ನು ನಿಮ್ಮ ಹೆಸರಿನದು ನಿಲ್ಲಿಸಲೇ ಎಂದು ಕೇಳಿದರು. ಬೆಳಗಿನ ಹೊತ್ತೆಲ್ಲ ಟೊಪ್ಪಿಯೊಳಗೆ ಚಿಗುರು ಕಂಡಿತೇ ಎಂದು ಬಗ್ಗಿ ನೋಡುವುದರಲ್ಲೇ ಕಳೆದುಹೋಗಿತ್ತು. ಕಟ್ಟನ್ನು ತಂದು ಕಡ್ಡಿ ಸುತ್ತಲು ಬಳಸಿದೆ.

ಮಧ್ಯಾಹ್ನಗಳು ಅಜ್ಜಿಯ ಅಟ್ಟದಲ್ಲಿ ಕಳೆಯುತ್ತಿದ್ದವು. ಅಲ್ಲಿ ಉಪ್ಪುನೀರಿನಲ್ಲಿ ಮಿಡಿ ಹಾಕಿದ 11 ಭರಣಿಗಳಿವೆ. ಯಾವುದೆಂದು ಹೇಳದೆ ಒಂದು ಮಿಡಿಯನ್ನು ಗಂಜಿಯ ತಾಟಿಗೆ ಹಾಕಿ, ಯಾರ ಮನೆಯ ಮರವೆಂದು ಹೇಳು ಎನ್ನುತ್ತಾರೆ. ಸೋತವರು ಪಾತ್ರೆ ತೊಳೆಯಬೇಕು. ಅವರು ಎರಡು ಭರಣಿಯ ಮಿಡಿ ಬೆರೆಸಿ ಮೋಸ ಮಾಡುತ್ತಾರೆಂದು ನನಗೆ ಗೊತ್ತಾಗಲು ಐದಾರು ತಿಂಗಳು ಬೇಕಾಯಿತು. ಗೊತ್ತಾದ ದಿನ ನಾವಿಬ್ಬರೂ ನಕ್ಕದ್ದು ಕೇಳಿ ಅವರ ಮಗಳು ಏಣಿ ಹತ್ತಿ ಬಂದು ನೋಡಿದ್ದರು. ಈಗ ಹನ್ನೊಂದರಲ್ಲಿ ಒಂಬತ್ತನ್ನು ತಪ್ಪದೆ ಹೇಳಬಲ್ಲೆ, ಶಿರಸಿ ಸೀಮೆಯಲ್ಲಿ ನನ್ನ ವಯಸ್ಸಿನವರು ಬೇರೆ ಯಾರಾದರೂ ಹೇಳಿದರೆ ಪಾತ್ರೆ ನಾನೇ ತೊಳೆಯುತ್ತೇನೆ.

ನಡುವೆ ಮುರುಗಲಿಗೂ (ಕೋಕಂ) ಕೈ ಹಾಕಿದೆ. ಹೆಣ್ಣುಮರದ ಕಡ್ಡಿಯೆಂದು ಸಂಭ್ರಮದಿಂದ ಅಡ್ಡಕೊಂಬೆಯದನ್ನು ಕಟ್ಟಿದ್ದರಿಂದ, ಹಿಡಿದ ಏಳೂ ಗಿಡಗಳು ಮೇಲೇಳದೆ ನೆಲ ಹಿಡಿದು ಹರಡಿವೆ. ಕಸಿ ಕಟ್ಟುವ ಕಾಲವಲ್ಲದ ಚಳಿಗಾಲದಲ್ಲಿ ಕಡಿದ ಮಾವಿನ ಮರಗಳಿಗಾಗಿ ಬುಡದ ಚಿಗುರನ್ನು ಕಾದು ನೋಡಿದೆ. ಹಳೆಯ ಮರಗಳು ಚಿಗುರುವುದೇ ಅಪರೂಪ, ಒಂದೇ ಒಂದು ಸಿಕ್ಕಿದೆ.

ಗಿಡಕ್ಕೆ 150 ರೂಪಾಯಿಯಂತೆ 50ರಷ್ಟು ಮಾರಿದ್ದೇನೆ, ಮೊದಲ ವರ್ಷದ ನಷ್ಟವಿನ್ನೂ ಪೂರ್ತಿ ತುಂಬಿಲ್ಲ. ಮರ ಕೊಟ್ಟ ಮನೆಗೆ ವರ್ಷಾಂತಿಕದ (ಸತ್ತವರ ವರ್ಷದ ತಿಥಿಯ) ಹೊತ್ತಿಗೆ ಒಂದು ಗಿಡವನ್ನು ಹಣವಿಲ್ಲದೆ ತಲುಪಿಸುತ್ತೇನೆ. ಮೊದಲ ಸಲ ಕೊಟ್ಟಾಗ ಆ ಮನೆಯವರು ತಂದೆಯ ವಿಷಯ ಮಾತನಾಡಿದರು. ಆ ತಂದೆಯ ವಯಸ್ಸು ನನಗೆ ನೆನಪಿರಲಿಲ್ಲ, ಅವರ ಮರದ ಸೊನೆಯ ವಾಸನೆ ಮಾತ್ರ ನೆನಪಿತ್ತು.

ಕಳೆದ ಜೂನ್‌ನಲ್ಲಿ ಅಜ್ಜಿ ತಮ್ಮ ಚಿತೆಗೆ ಗೊತ್ತುಮಾಡಿಟ್ಟ ಹಿತ್ತಲ ಮರವನ್ನು ತೋರಿಸಿ, "ಇದ್ರ ಎಲೆ ಈಗ್ಲೇ ಸವರು, ನಾ ಹತ್ತು ದಿನ ಎಲ್ಲಿಗೂ ಹೋಗೂದಿಲ್ಲ" ಎಂದರು. ಕ್ರಮಪ್ರಕಾರ ಎಲೆ ಸವರಿ, ಹತ್ತನೆಯ ದಿನ ಕಡ್ಡಿ ಕೊಯ್ದು 22 ಕಟ್ಟಿದೆ, 20 ಹಿಡಿದವು. ಆ ಮರದ ಮಿಡಿ ಬರೀ ಹುಳಿ, ವಾಸನೆಯೂ ಇಲ್ಲ. ಯಾರಿಗೂ ಮಾರಬೇಡ, ಹೆಸರು ಕೆಡುತ್ತದೆ ಎಂದು ಅವರೇ ಹೇಳಿದ್ದರಿಂದ 20 ಗಿಡಗಳೂ ನಮ್ಮ ಅಂಗಳದಲ್ಲಿಯೇ ಸಾಲಾಗಿ ನಿಂತಿವೆ, ಅಪ್ಪಯ್ಯ ನೀರು ಹಾಕುತ್ತಾರೆ.