ಬದು ಹಾರುವ ಸ್ಟ್ಯಾಕ್

ಕೋಲಾರದ ಹತ್ತಿರ ನಮ್ಮ ಟೊಮೇಟೊ ತೋಟದ ಮೋಟರ್ ನೋಡಿಕೊಳ್ಳೋಕೆ ಹಳೇ ಇಂಟೆಲ್ ಲ್ಯಾಪ್‌ಟಾಪಿನಲ್ಲಿ ಸಿ ಪ್ರೋಗ್ರಾಂ ಓಡಿಸ್ತಿದ್ದೆ. ಅದರ ಒಂದು ಥ್ರೆಡ್‌ಗೆ (ಪ್ರೋಗ್ರಾಂ ಒಳಗೆ ಜೊತೆಜೊತೆಗೆ ಓಡುವ ಎಳೆ) ಕೊಟ್ಟಿದ್ದು 64 ಕೆಬಿ ಸ್ಟ್ಯಾಕ್ (ಅದರ ತಾತ್ಕಾಲಿಕ ಮೆಮೊರಿ), ಒಳಗೆ 80 ಕೆಬಿ ಅರೇ (ಡೇಟಾದ ಸಾಲು). ತುಂಬ್ತಿದ್ದದ್ದು ಅದರ ಮೊದಲ ಕೆಲವು ಬೈಟ್ ಮಾತ್ರ. ಸ್ಟ್ಯಾಕ್ ಕೆಳಕ್ಕೆ ಬೆಳೆಯೋದರಿಂದ ಅವೇ ಸ್ಟ್ಯಾಕ್‌ನ ಆಚೆ ಬಿದ್ದವು. ಕ್ರ್ಯಾಶ್ ಆಗಿದ್ರೆ ಪುಣ್ಯ. ಪಕ್ಕದ ಥ್ರೆಡ್‌ನ ಲೆಕ್ಕ ಕೆಟ್ಟು ಮೋಟರ್ ರಾತ್ರಿಯಿಡೀ ಓಡಿತು. ಅಪ್ಪನ ಬೈಗುಳ ಬೇರೆ.

ಗಾರ್ಡ್ ಪೇಜ್ ಅಂದ್ರೆ ಸ್ಟ್ಯಾಕ್‌ನ ಅಂಚಿನಲ್ಲಿರೋ, ಮುಟ್ಟಬಾರದ ಮೆಮೊರಿ ತುಂಡು; ಹೊಲದ ಬದು ಇದ್ದ ಹಾಗೆ. ಮುಟ್ಟಿದರೆ ಸೆಗ್‌ಫಾಲ್ಟ್, ಅಂದ್ರೆ ಪ್ರೋಗ್ರಾಂ ಕ್ರ್ಯಾಶ್. ಥ್ರೆಡ್‌ಗೆ ಸಾಮಾನ್ಯವಾಗಿ ಒಂದೇ ಪೇಜ್, 4 ಕೆಬಿ. ದೊಡ್ಡ ಅರೇ ಅದನ್ನು ಮುಟ್ಟದೇ ಹಾರುತ್ತದೆ. 2017ರಲ್ಲಿ ಹೀಗೆ ಬದು ಹಾರುವ ‘ಸ್ಟ್ಯಾಕ್ ಕ್ಲ್ಯಾಶ್’ ಅನ್ನೋ ಭದ್ರತಾ ದೋಷ ಬಯಲಾದ ಮೇಲೆ ಲಿನಕ್ಸ್ ಮುಖ್ಯ ಸ್ಟ್ಯಾಕ್‌ನ ಬದುವನ್ನು 1 ಎಂಬಿಗೆ ಅಗಲಿಸಿತು. ಥ್ರೆಡ್‌ನದ್ದು ನಮ್ಮ ತಲೆನೋವು.

ಮೊದಲು ಜಿಸಿಸಿ ಕಂಪೈಲರ್‌ನ 8 ಅಥವಾ ಆಮೇಲಿನ ಆವೃತ್ತಿಯಲ್ಲಿ ‘-ಎಫ್‌ಸ್ಟ್ಯಾಕ್-ಕ್ಲ್ಯಾಶ್-ಪ್ರೊಟೆಕ್ಷನ್’ ಹಾಕಿ ಕಂಪೈಲ್ ಮಾಡಿ. ಆಮೇಲೆ ಆಬ್ಜ್‌ಡಂಪ್‌ನಲ್ಲಿ (ಪ್ರೋಗ್ರಾಂನ ಯಂತ್ರ ಸೂಚನೆಗಳನ್ನು ತೋರಿಸೋ ಸಾಧನ) ನೋಡಿ: ಸ್ಟ್ಯಾಕ್ ಪಾಯಿಂಟರ್‌ನಿಂದ (ಸ್ಟ್ಯಾಕ್ ಎಲ್ಲಿಗೆ ಬಂದಿದೆ ಅನ್ನೋ ವಿಳಾಸ) 4096 ಕಳೆಯೋದು, ಅಲ್ಲಿಗೆ ಸೊನ್ನೆಯನ್ನು ‘ಆರ್’ (OR) ಮಾಡೋದು, ಅಂದ್ರೆ ಬೆಲೆ ಬದಲಿಸದೇ ಮುಟ್ಟಿ ನೋಡೋದು, ಮತ್ತೆ ಕಳೆಯೋದು. ಕತ್ತಲಲ್ಲಿ ಕೋಲಿಂದ ನೆಲ ತಡವುತ್ತಾ ನಡೆದ ಹಾಗೆ. ಬದು ಸಿಕ್ಕಿದ ಕ್ಷಣವೇ ಪ್ರೋಗ್ರಾಂ ಸಾಯುತ್ತೆ, ನಮಗೆ ಬೇಕಾದದ್ದೂ ಅದೇ.

ನೀವು ಲಿಂಕ್ ಮಾಡುವ ಲೈಬ್ರರಿಗಳನ್ನೂ ಹೀಗೇ ಕಂಪೈಲ್ ಮಾಡಿರಬೇಕು, ಅದನ್ನು ನಾನು ಮರೆತಿದ್ದೆ. ಅರೇಯನ್ನಂತೂ ಕೊನೆಗೆ ಮ್ಯಾಲಕ್‌ಗೆ, ಅಂದ್ರೆ ಸ್ಟ್ಯಾಕ್‌ನ ಹೊರಗೆ ಕೇಳಿ ಪಡೆಯೋ ಮೆಮೊರಿಗೆ ಸಾಗಿಸಿದೆ.